ಭಿನ್ನಮತವನ್ನು ಲಗತ್ತಿಸಿದೆ

ಮಾರ್ಚ್ 4

ಪ್ರೀತಿಯ ಬಟಾಣಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ನಡುವೆ ಬಾಯಿ ಹಾಕುವ ಹಾಗಿಲ್ಲ. ನಿವೃತ್ತ ನ್ಯಾಯಾಧೀಶನಿಗೆ ಇಷ್ಟಾದರೂ ಸೌಕರ್ಯ ಬೇಡವೇ?

ಸುದ್ದಿ ಇದು. ನಿಮ್ಮ ಹೆರಿಗೆ ಆಸ್ಪತ್ರೆಯನ್ನು ಮುಚ್ಚಬೇಕೇ ಬೇಡವೇ ಎಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿದೆ. ಅದರಲ್ಲಿ ನಾನೂ ಒಬ್ಬ. ಹುಬ್ಬು ಗಂಟಿಕ್ಕಬೇಡ, ಮುಂದೆ ಓದು.

ಆರೋಗ್ಯ ಮಂತ್ರಿಗಳೇ ಮನೆಗೆ ಬಂದಿದ್ದರು. ಮಂತ್ರಿಗಳು ಅಂದರೆ ಮತ್ತಾರೂ ಅಲ್ಲ, ನಮ್ಮ ಸೋಡಾಬುಡ್ಡಿ. ನಾನು ವಕೀಲನಾಗಿದ್ದಾಗ ನನ್ನ ಕಚೇರಿಯಲ್ಲಿ ಜೂನಿಯರ್ ಆಗಿದ್ದ, ನಿನ್ನ ಸೈಕಲ್ಲಿನ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ ಹುಡುಗ. ಈಗಲೂ ನನ್ನನ್ನು ಗುರುಗಳೇ ಎನ್ನುತ್ತಾನೆ, ನಾನು ಕೂರುವ ತನಕ ತಾನು ಕೂರುವುದಿಲ್ಲ. ನಾನು ಮೊದಲೇ ಹೇಳಿಬಿಟ್ಟೆ, "ನೋಡಪ್ಪಾ, ನನ್ನ ಮಗಳು ಅಲ್ಲೇ ಹೆರಿಗೆ ನರ್ಸು. ನಾನು ಆ ಸಮಿತೀಲಿ ಕೂತ್ರೆ ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ." ಅವನು ನಕ್ಕ. "ಅದಕ್ಕೇ ನೀವು ಬೇಕು ಗುರುಗಳೇ. ಆ ಕಡೆಯವರ ದನಿ ಒಳಗಡೆ ಇರಬೇಕಲ್ವಾ?"

ಬೇರೆ ಸರ್ಕಾರವಾಗಿದ್ದರೆ ಪೊಲೀಸರನ್ನು ಕಳಿಸಿ ಬೀಗ ಜಡಿಸುತ್ತಿತ್ತು. ಇವರು ಓದಿಕೊಂಡವರು, ಕೇಳಿಸಿಕೊಳ್ಳುವವರು. ಇಂಥವರು ಅಧಿಕಾರಕ್ಕೆ ಬರಲಿ ಎಂದು ತಾನೇ ನಾನು ಇಷ್ಟು ಕಾಲ ಬಾಯಿ ಒಣಗಿಸಿಕೊಂಡಿದ್ದು!

ಒಂದೇ ಒಂದು ಸಹಾಯ ಬೇಕು. ಮುಚ್ಚುವ ಸುದ್ದಿ ಬಂದಾಗಿನಿಂದ ಗಿರಣಿ ಬಡಾವಣೆಯ ಹೆಂಗಸರು ನಿಮ್ಮ ಗೇಟಿನಲ್ಲಿ ಪಾಳಿಯ ಮೇಲೆ ಕೂತಿದ್ದಾರಲ್ಲ, ಅವರು ಎದ್ದು ಮನೆಗೆ ಹೋಗಬೇಕು. ಸಮಿತಿ ಕೂತಿರುವಾಗ ಗೇಟಿನಲ್ಲಿ ಧರಣಿ ಇದ್ದರೆ, ಒತ್ತಡಕ್ಕೆ ಮಣಿದು ತೀರ್ಮಾನ ಕೊಟ್ಟರು ಎನ್ನುವ ಮಾತು ಬರುತ್ತದೆ. ವರದಿ ಬರುವ ತನಕ ಒಂದು ಮಂಚವೂ ಆಸ್ಪತ್ರೆಯಿಂದ ಹೊರಗೆ ಹೋಗುವುದಿಲ್ಲ ಎಂದು ಮಂತ್ರಿ ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಾನೆ. ನೀನು ಹೇಳಿದರೆ ಅವರು ಕೇಳುತ್ತಾರೆ. ನನ್ನ ಹೆಸರು ಹೇಳು.

ನಿನ್ನ ಮೇಲೆ ಹೆಮ್ಮೆಯಿಂದ ಬೀಗುವ,
ಅಪ್ಪ

ಕೆಳಗಡೆ ಅಮ್ಮನ ಎರಡು ಸಾಲು: ಇವರು ಬೆಳಗಿನಿಂದ ಹಳೇ ಕೋಟಿಗೆ ಬ್ರಷ್ ಹಾಕುತ್ತಿದ್ದಾರೆ. ಹತ್ತು ವರ್ಷ ಚಿಕ್ಕವರಾಗಿದ್ದಾರೆ. ನನಗೆ ಸಂತೋಷವೂ ಆಗುತ್ತಿದೆ, ಯಾಕೋ ಹೆದರಿಕೆಯೂ ಆಗುತ್ತಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.


ಮಾರ್ಚ್ 12

ಅಪ್ಪ,

ನಿಮ್ಮ ಕಾಗದವನ್ನು ದೊಡ್ಡಕ್ಕನಿಗೆ ಓದಿ ಹೇಳಿದೆ. ದೊಡ್ಡಕ್ಕ ಅಂದರೆ ನಮ್ಮ ಹೆಡ್ ನರ್ಸು. ನಾನು ಇಲ್ಲಿ ಸೇರಿದ ಮೊದಲ ದಿನವೇ, "ಕೈ ನಡುಗ್ತಿದ್ಯಾ? ನಡುಗಲಿ ಬಿಡು, ಮಗೂನ ಮಾತ್ರ ಬೀಳಿಸಬೇಡ" ಎಂದವರು. ಅವರು ನಿಮ್ಮ ಹೆಸರು ಕೇಳಿದ ಕೂಡಲೇ ಮುಖ ಅರಳಿಸಿದರು. ಒಪ್ಪದೆ ಇದ್ದವಳು ಇಸ್ತ್ರಿಯವಳು. ಆಸ್ಪತ್ರೆಯ ಎದುರಿಗೆ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ, ಮೂರು ಮಕ್ಕಳೂ ಇಲ್ಲೇ ಹುಟ್ಟಿದ್ದು. ಗೇಟಿನಲ್ಲಿ ಯಾರು ಎಷ್ಟು ಹೊತ್ತಿಗೆ ಕೂರಬೇಕು ಎನ್ನುವುದೆಲ್ಲ ಅವಳದೇ ಪಾರುಪತ್ಯ.

"ನಿಮ್ಮಪ್ಪ ಒಳ್ಳೆಯವರೇ ಇರಬಹುದು ತಾಯಿ" ಅಂದಳು, "ನಾವು ಕೂತಿದೀವಿ ಅಂತಲೇ ಅಲ್ವಾ ಸಮಿತಿ ಮಾಡಿದ್ದು? ಈಗ ಎದ್ದುಬಿಟ್ರೆ ಆಮೇಲೆ ನಮ್ಮನ್ನ ಯಾರು ಕೇಳ್ತಾರೆ?"

ಅಪ್ಪ, ಇಲ್ಲಿನವರಿಗೆ ಇರುವುದು ಈ ಆಸ್ಪತ್ರೆ ಒಂದೇ. ಊರಾಚೆ ಕಟ್ಟಿರುವ ಹೊಸ ದೊಡ್ಡ ಆಸ್ಪತ್ರೆ ಚೆನ್ನಾಗಿದೆ, ನಾನೇ ಹೋಗಿ ನೋಡಿ ಬಂದಿದ್ದೇನೆ, ನೆಲದಲ್ಲಿ ಮುಖ ಕಾಣುತ್ತದೆ. ಆದರೆ ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು. ನೋವು ಶುರುವಾದ ಹೆಂಗಸು ಬಸ್ ಸ್ಟಾಪಿನಲ್ಲಿ ಕಂಬ ಹಿಡಿದುಕೊಂಡು ನಿಲ್ಲಬೇಕೇ? ಇಲ್ಲಾದರೆ ಗಿರಣಿಯ ಏಪ್ರನ್ನು ಬಿಚ್ಚದೆ ನಡೆದು ಬರುತ್ತಾರೆ. ಮೊನ್ನೆ ಒಬ್ಬಳು, "ಬೇಗ ಆಗುತ್ತಾ ಅಕ್ಕ, ಒಲೆ ಮೇಲೆ ನೀರಿಟ್ಟು ಬಂದಿದೀನಿ" ಎಂದು ಕೇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ನಾನೇ ಹೇಳಿದೆ, "ನಮ್ಮಪ್ಪ ಮಾತು ಕೊಟ್ಟರೆ ತಪ್ಪೋರಲ್ಲ." ಅಷ್ಟು ಸಾಕಾಯಿತು. ಹೆಂಗಸರು ಚಾಪೆ ಸುತ್ತಿಕೊಂಡರು. ಇಸ್ತ್ರಿಯವಳು ಎಲ್ಲರಿಗಿಂತ ಕೊನೆಗೆ ಎದ್ದಳು. ಎದ್ದವಳು ನನ್ನ ಗಲ್ಲ ಹಿಡಿದು, "ನಿನ್ನ ಮುಖ ನೋಡಿ ಏಳ್ತಿದೀನಿ ಕಣೇ" ಅಂದಳು.

ಗೇಟು ಈಗ ಖಾಲಿ. ಅಷ್ಟು ಜನರ ಗಲಾಟೆ ಇಲ್ಲದೆ ಬಿಕೋ ಎನ್ನುತ್ತಿದೆ. ನೀವು ಒಳಗಡೆ ಇದ್ದೀರಿ ಎನ್ನುವುದೊಂದೇ ಧೈರ್ಯ.

ನಿಮ್ಮ ಬಟಾಣಿ


ಏಪ್ರಿಲ್ 19

ಮಗಳೇ,

ತಡವಾಯಿತು, ಕ್ಷಮಿಸು. ಸಮಿತಿ ಎಂದರೆ ಮದುವೆ ಮನೆಯಷ್ಟೇ ಕೆಲಸ ಮಾರಾಯ್ತಿ.

ನಾವು ಕೂರುವ ಕೋಣೆಯಲ್ಲಿ ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ನೀರಿನ ಲೋಟ, ಮುಚ್ಚಳ, ಚೂಪು ಮಾಡಿಟ್ಟ ಪೆನ್ಸಿಲ್ಲು. ಕಿಟಕಿಯಾಚೆ ಸದನದ ಹುಲ್ಲುಹಾಸು. ಜೊತೆಗಿರುವವರು ಒಳ್ಳೆಯ ಜನ, ಸುಳ್ಳು ಹೇಳಲಾರೆ. ಡಾಕ್ಟರಮ್ಮ ಒಬ್ಬರು ಇದ್ದಾರೆ, ಸಾವಿರಾರು ತಾಯಂದಿರನ್ನು ಉಳಿಸಿದವರು. ಹಳೇ ಕಟ್ಟಡದಲ್ಲಿ ರಕ್ತದ ವ್ಯವಸ್ಥೆ ಇಲ್ಲ, ಆಪರೇಷನ್ ಆಗುವುದಿಲ್ಲ, ಬಡವರಿಗೆ ಮಾತ್ರ ಎರಡನೇ ದರ್ಜೆ ಯಾಕೆ ಎಂದು ಕೇಳುತ್ತಾರೆ. ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಹೊಸದೂ ಇರಲಿ, ಹಳೆಯದೂ ಇರಲಿ ಎಂದರೆ ಹಣಕಾಸಿನವರು ತಲೆ ಕೆರೆದುಕೊಳ್ಳುತ್ತಾರೆ.

ನಾನು ನಿನ್ನ ಕಾಗದದಿಂದ ಆ ಒಲೆಯ ಮೇಲಿನ ನೀರಿನ ಮಾತನ್ನು ಹೇಳಿದೆ. ಡಾಕ್ಟರಮ್ಮ ಕಣ್ಣೊರೆಸಿಕೊಂಡರು. ಅಧ್ಯಕ್ಷರು "ಬಹಳ ಸುಂದರವಾಗಿ ಹೇಳಿದಿರಿ" ಎಂದರು. ಆಮೇಲೆ ಮುಂದಿನ ವಿಷಯಕ್ಕೆ ಹೋದರು.

ಇನ್ನೊಂದು ಸುದ್ದಿ. ಹಳೇ ಕಟ್ಟಡವನ್ನು ಕೆಡವುವುದಿಲ್ಲ. ಅಲ್ಲಿ ಸೂಲಗಿತ್ತಿಯರ ನೆನಪಿಗೆ ಒಂದು ವಸ್ತುಸಂಗ್ರಹಾಲಯ ಮಾಡುತ್ತಾರಂತೆ. ಹೆರಿಗೆ ಕೋಣೆಯನ್ನು ಹೇಗಿದೆಯೋ ಹಾಗೇ ಇಟ್ಟು ಗಾಜು ಹಾಕಿಸುತ್ತಾರೆ. ನಿಮ್ಮ ದೊಡ್ಡಕ್ಕನ ಫೋಟೋ ಗೋಡೆ ತುಂಬ ಇರುತ್ತದೆ. ಇದು ಮಂತ್ರಿಯ ಸ್ವಂತ ಆಲೋಚನೆ.

ನಾನು ಒಪ್ಪಿಲ್ಲ. ಉಳಿದವರೆಲ್ಲ ಮುಚ್ಚುವ ಕಡೆಗೇ ಇದ್ದಾರೆ, ನಾನು ಒಂಟಿ. ಹಾಗಾಗಿ ಭಿನ್ನಮತ ಬರೆಯುತ್ತೇನೆ. ವರದಿಯ ಕೊನೆಗೆ ಅದನ್ನು ಪೂರ್ತಿಯಾಗಿ ಲಗತ್ತಿಸುತ್ತಾರೆ, ಒಂದಕ್ಷರ ತೆಗೆಯುವುದಿಲ್ಲ ಎಂದು ಅಧ್ಯಕ್ಷರೇ ಹೇಳಿದ್ದಾರೆ. ಬಟಾಣಿ, ನನ್ನ ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಬರೆದಿಲ್ಲ. ನಾಳಿನವರು ಓದುತ್ತಾರೆ.

ನಿನ್ನ ಒಂಟಿ ಸಲಗ,
ಅಪ್ಪ

ಅಮ್ಮನಿಂದ: ಬರೆಯುತ್ತಾ ಗುನುಗುತ್ತಾರೆ. ಸೋಲುವ ಕೇಸು ಬಂದಾಗಲೆಲ್ಲ ಹೀಗೇ ಗುನುಗುತ್ತಿದ್ದರು. ನಾನು ಒಳಗಿನಿಂದ ಕೇಳುತ್ತಾ ಪಾತ್ರೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದೇನೆ.


ಏಪ್ರಿಲ್ 24

ಅಪ್ಪ,

ಭಿನ್ನಮತ ಬೇಡ. ಎದ್ದು ಬಂದುಬಿಡಿ.

ಕೋಪದಿಂದ ಬರೆಯುತ್ತಿಲ್ಲ. ಎರಡು ಸಲ ಬರೆದು ಹರಿದು, ತಣ್ಣಗಾದ ಮೇಲೆ ಬರೆಯುತ್ತಿದ್ದೇನೆ. ಆ ವರದಿಯಲ್ಲಿ ನಿಮ್ಮ ಸಹಿ ಇದ್ದರೆ, ಇವರು ಎಲ್ಲರ ಮಾತನ್ನೂ ಕೇಳಿ ತೀರ್ಮಾನ ಮಾಡಿದರು ಎಂದಾಗುತ್ತದೆ. ವಿರೋಧವೂ ಒಳಗೇ ಇದೆ, ಬೈಂಡು ಮಾಡಿದೆ ಎಂದಾಗುತ್ತದೆ. ಅವರಿಗೆ ಬೇಕಾಗಿರುವುದು ನಿಮ್ಮ ಒಪ್ಪಿಗೆಯಲ್ಲ ಅಪ್ಪ. ನೀವು ಒಪ್ಪದೆ ಇರುವುದೇ ಬೇಕಾಗಿರುವುದು. ಹೊರಗೆ ಬಂದು ಗೇಟಿನಲ್ಲಿ ನಿಂತು, ಇದರಲ್ಲಿ ನಾನಿಲ್ಲ ಎಂದು ಒಂದು ಮಾತು ಹೇಳಿ. ಸಾಕು. ಇಸ್ತ್ರಿಯವಳು ಅವತ್ತೇ ಚಾಪೆ ಹಾಸುತ್ತಾಳೆ.

ಹೊಳೆದಂಡೆಯ ಗುಡಿಸಲುಗಳ ಕೇಸು ನೆನಪಿದೆಯಾ? ಉಳಿದ ಇಬ್ಬರು ನ್ಯಾಯಾಧೀಶರು ತೆರವು ಮಾಡಿಸಿ ಎಂದರು, ನೀವೊಬ್ಬರೇ ಕೂಡದು ಎಂದಿರಿ. ನಾನು ಶಾಲೆಯಲ್ಲಿದ್ದೆ, ಪೇಪರಿನಲ್ಲಿ ನಿಮ್ಮ ಫೋಟೋ ನೋಡಿ ತರಗತಿಯೆಲ್ಲ ತೋರಿಸಿದ್ದೆ. ಅದನ್ನು ಈಗಲೂ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಆ ಗುಡಿಸಲಿನವರು ಎಲ್ಲಿ ಹೋದರೋ ಯಾರಿಗೂ ಗೊತ್ತಿಲ್ಲ. ಆ ಜಾಗದಲ್ಲಿ ಈಗ ಕಲ್ಲು ಹಾಸಿದ ದಾರಿ ಇದೆ. ನೀವೂ ಅಮ್ಮನೂ ಸಂಜೆ ಅಲ್ಲೇ ವಾಕಿಂಗ್ ಹೋಗುತ್ತೀರಿ.

ಇದನ್ನು ಬರೆಯಬಾರದಿತ್ತೇನೋ. ಆದರೆ ನನಗೆ ನಿಮ್ಮನ್ನು ಬಿಟ್ಟರೆ ಇನ್ನು ಯಾರನ್ನು ಕೇಳಲಿ? ಇವರನ್ನು ಎಬ್ಬಿಸಿದವಳು ನಾನು.

ದಾರಿ ನೋಡುತ್ತಿರುವ,
ಬಟಾಣಿ


ಮೇ 2

ಮಗಳೇ,

ನಿನ್ನ ಕಾಗದ ಓದಿ ಒಂದು ವಾರ ಸುಮ್ಮನಿದ್ದೆ. ಸಿಟ್ಟು ಬಂದಿತ್ತು, ಇಲ್ಲ ಎನ್ನುವುದಿಲ್ಲ. ಹೊಳೆದಂಡೆಗೆ ವಾಕಿಂಗ್ ಹೋಗುವುದನ್ನೂ ಬಿಟ್ಟೆ, ನಿನ್ನಮ್ಮ ಒಬ್ಬಳೇ ಹೋಗಿ ಬರುತ್ತಿದ್ದಾಳೆ.

ಆದರೂ ಎದ್ದು ಬರಲಾರೆ. ನಮ್ಮಂಥವರು ಎದ್ದು ಬಂದರೆ ಆ ಕೋಣೆಯಲ್ಲಿ ಉಳಿಯುವವರು ಯಾರು? ಕಿರುಚುವವರು, ಇಲ್ಲವೇ ಬಾಲ ಅಲ್ಲಾಡಿಸುವವರು. ನಾನು ನಂಬಿಕೊಂಡು ಬಂದದ್ದು ಇಷ್ಟೇ: ಮಾತು ಮುಗಿಯುವ ತನಕ ಮೇಜು ಬಿಟ್ಟು ಏಳಬಾರದು. ಸೋತರೂ ಸೋತದ್ದನ್ನು ಚೆನ್ನಾಗಿ ಬರೆದಿಡಬೇಕು. ಅದೂ ಇಲ್ಲದ ನಾಡುಗಳು ಹೇಗಿರುತ್ತವೆ ಎಂದು ನೀನು ಕಂಡಿಲ್ಲ, ಕಾಣದೆ ಇರಲಿ.

ಮಂತ್ರಿ ನನ್ನ ಕರಡನ್ನು ಓದಿದ. ಓದಿ, "ಗುರುಗಳೇ, ಇದು ನನ್ನ ಮನಸ್ಸನ್ನ ಅಲ್ಲಾಡಿಸಿಬಿಡ್ತು" ಎಂದ. ಹಾಗೆ ಹೇಳುವ ಮಂತ್ರಿಯನ್ನು ಬಿಟ್ಟು ಎದ್ದು ಬರಲಾ? ಇನ್ನೂ ಅವಕಾಶವಿದೆ ಬಟಾಣಿ. ಅಲ್ಲಾಡಿದ ಮನಸ್ಸು ತಿರುಗಲೂಬಹುದು.

ನಾಳೆ ಸಹಿ ಹಾಕುತ್ತೇವೆ. ಊಟಕ್ಕೆ ಯಾವಾಗ ಬರುತ್ತೀ? ನಿನ್ನ ಕೋಣೆಯ ಫ್ಯಾನು ಸರಿ ಮಾಡಿಸಿದ್ದೇನೆ.

ಅಪ್ಪ


ಮೇ 30

ಅಪ್ಪ,

ಮಂತ್ರಿಗಳು ನಿಮಗೆ ಕೊಟ್ಟ ಮಾತು ತಪ್ಪಲಿಲ್ಲ. ವರದಿ ಬರುವ ತನಕ ಒಂದು ಮಂಚವೂ ಹೊರಗೆ ಹೋಗಲಿಲ್ಲ. ವರದಿ ಸದನಕ್ಕೆ ಬಂದ ದಿನವೇ ಲಾರಿಗಳು ಬಂದವು.

ನಾವು ಸ್ಟಾಫ್ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದೆವು. ಮಂತ್ರಿಗಳು ಎದ್ದು ನಿಂತು, ನನ್ನ ಗುರುಗಳೇ ನನ್ನನ್ನು ವಿರೋಧಿಸಿದ್ದಾರೆ, ಅವರ ಭಿನ್ನಮತವನ್ನು ನಾನೇ ಓದುತ್ತೇನೆ ಎಂದರು. ಪೂರ್ತಿ ಓದಿದರು. ಒಂದೆರಡು ಕಡೆ ಓದು ನಿಲ್ಲಿಸಿ ಮತ್ತೆ ಶುರು ಮಾಡಿದರು, ನಾಟಕವಲ್ಲ ಅದು, ನನಗೆ ಅವರ ದನಿ ಚಿಕ್ಕಂದಿನಿಂದ ಗೊತ್ತು. ಏಪ್ರನ್ನಿನ ಹೆಂಗಸು, ಒಲೆಯ ಮೇಲಿನ ನೀರು, ಬಸ್ ಸ್ಟಾಪಿನ ಕಂಬ, ಎಲ್ಲ ಬಂತು. ಸದನ ಮೇಜು ಕುಟ್ಟಿತು. ವಿರೋಧ ಪಕ್ಷದವರೂ ಕುಟ್ಟಿದರು. ಇಂಥ ಮಾತಿಗೆ ಜಾಗವಿರುವ ನಾಡಿನಲ್ಲಿ ಹುಟ್ಟಿದ್ದು ನಮ್ಮ ಪುಣ್ಯ ಎಂದು ಹೇಳಿ, ಮುಚ್ಚುವ ಆದೇಶವನ್ನು ಮಂಡಿಸಿ ಕೂತರು.

ದೊಡ್ಡಕ್ಕ ಅಳುತ್ತಿದ್ದರು. "ಎಷ್ಟು ಚೆನ್ನಾಗಿ ಬರೆದಿದಾರೆ ನಿಮ್ಮಪ್ಪ! ನಮ್ಮ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ ಕಣೇ" ಅಂದರು. ಅಷ್ಟರಲ್ಲಿ ಹೊರಗಡೆ ಹಾರ್ನ್ ಕೇಳಿಸಿತು. ಗೇಟಿನಲ್ಲಿ ಯಾರೂ ಇರಲಿಲ್ಲ, ಲಾರಿ ಸೀದಾ ಒಳಗೆ ಬಂತು. ಇಸ್ತ್ರಿಯವಳು ಕೈಯಲ್ಲಿ ಯಾರದೋ ಅರ್ಧ ಇಸ್ತ್ರಿಯಾದ ಅಂಗಿ ಹಿಡಿದುಕೊಂಡೇ ಓಡಿ ಬಂದಳು. ಆಗಲೇ ವಾರ್ಡಿನ ಮಂಚಗಳು ಹೊರಗಿದ್ದವು.

ಅವಳು ಆ ಅಂಗಿಯನ್ನು ಮಡಿಸಿಕೊಂಡು ಅಂಗಡಿಗೆ ವಾಪಸ್ಸು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಹೆರಿಗೆ ಕೋಣೆಯನ್ನು ಮಾತ್ರ ಮುಟ್ಟಿಲ್ಲ, ಅದು ವಸ್ತುಸಂಗ್ರಹಾಲಯಕ್ಕೆ ಬೇಕಲ್ಲ. ಗಾಜು ಬರುವ ತನಕ ಬೀಗ. ನನಗೂ ದೊಡ್ಡಕ್ಕನಿಗೂ ಊರಾಚೆಗೆ ವರ್ಗವಾಗಿದೆ. ಊಟಕ್ಕೆ ಕರೆದಿದ್ದೀರಿ. ಈಗ ಬರಲಾರೆ ಅಪ್ಪ. ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿದೆ ಅಂತ ಅಲ್ಲ. ನಿಮ್ಮ ಮುಖ ನೋಡಿದರೆ ನಾನು ಸಮಾಧಾನ ಮಾಡಿಕೊಂಡುಬಿಡುತ್ತೇನೆ, ಅದು ಬೇಡ ಅಂತ.

ಬಟಾಣಿ


ಜೂನ್ 17

ನನ್ನ ಚಿನ್ನ,

ಈ ಸಲ ಕಾಗದವೆಲ್ಲ ನನ್ನದೇ, ಕೆಳಗಡೆಯ ಎರಡು ಸಾಲು ಅಲ್ಲ. ಇವರಿಗೆ ಹೇಳದೆ ಬರೆಯುತ್ತಿದ್ದೇನೆ.

ಅಪ್ಪ ಆರೋಗ್ಯವಾಗಿದ್ದಾರೆ. ಆದರೆ ಮಾತು ಕಮ್ಮಿ ಮಾಡಿದ್ದಾರೆ, ಈ ಮನೆಯಲ್ಲಿ ಅದು ಕಾಯಿಲೆಗಿಂತ ಹೆಚ್ಚು. ಸದನದ ಭಾಷಣ ಆದಮೇಲೆ ಒಂದೇ ಸಮನೆ ಫೋನು. ಅಭಿನಂದನೆಯಂತೆ! ಯಾರೋ ಪ್ರೊಫೆಸರು, ಭಿನ್ನಮತವನ್ನು ಪುಸ್ತಕ ಮಾಡೋಣ ಎಂದರು. ಇವರು ಫೋನು ಕೆಳಗಿಟ್ಟು, "ಮಂಚ ಹೋಯ್ತಂತೆ ಕಣೇ" ಎಂದರು. ಅಷ್ಟೇ.

ಮೊನ್ನೆ ಸೋಡಾಬುಡ್ಡಿ ಬಂದಿದ್ದ. ಒಂದು ಬುಟ್ಟಿ ಹಣ್ಣು, ಹೂವಿನ ಗುಚ್ಛ. ಪಾಪ, ಹುಡುಗನಿಗೆ ಇವರ ಮೇಲೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಬಾಗಿಲಲ್ಲೇ ನನ್ನ ಕೈಯಿಂದ ಮೊರ ಕಸಿದುಕೊಂಡು, "ಅಮ್ಮ, ನೀವ್ಯಾಕೆ ಮಾಡ್ತೀರಾ" ಎಂದ. ಇವರು ಕೂತ ಕಡೆಯಿಂದಲೇ ಕೇಳಿದರು, "ನನ್ನ ಭಿನ್ನಮತ ವರದಿಯಿಂದ ತೆಗೆಸಿಬಿಡಪ್ಪ."

ಅವನಿಗೆ ಅರ್ಥವೇ ಆಗಲಿಲ್ಲ. "ಯಾಕೆ ಗುರುಗಳೇ? ಆ ವರದೀಲಿ ಓದೋ ಹಾಗಿರೋದು ಅದೊಂದೇ!"

"ಅದಕ್ಕೇ ತೆಗೆಸು."

"ಅಚ್ಚಾಗಿಬಿಟ್ಟಿದೆ ಗುರುಗಳೇ. ಅದೂ ಅಲ್ದೆ, ನಿಮ್ಮ ವಿರೋಧ ಇರೋದ್ರಿಂದಲೇ ನಮಗೊಂದು ಮರ್ಯಾದೆ."

ಆಮೇಲೆ ಬಂದ ವಿಷಯ ಹೇಳಿದ, ವಿದ್ಯಾಮಂತ್ರಿಗಳು ಇವನನ್ನೇ ಕಳಿಸಿದ್ದಂತೆ. ಹಳೇ ಬಡಾವಣೆಗಳ ಸಣ್ಣ ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡುತ್ತಾರಂತೆ. ಅದಕ್ಕೂ ಒಂದು ಸಮಿತಿ, ಇವರೇ ಅಧ್ಯಕ್ಷರಾಗಬೇಕಂತೆ. ಇವರು "ಇಲ್ಲ" ಎಂದರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ ನೋಡು, ಇನ್ನೂ ಹತ್ತಿರ ಸರಿದು ಕೈ ಹಿಡಿದುಕೊಂಡ. "ಆಯ್ತು, ಬಲವಂತ ಇಲ್ಲ. ಯಾಕೆ ಇಲ್ಲ ಅಂತ ನಾಲ್ಕು ಸಾಲು ಬರೆದುಕೊಡಿ ಗುರುಗಳೇ. ಅದನ್ನೂ ಲಗತ್ತಿಸ್ತೀವಿ."

ನಾನು ಬಾಗಿಲ ಹಿಂದೆ ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ. ಇವರು ನಗಲಿಲ್ಲ. ಆ ಹುಡುಗ ತಮಾಷೆ ಮಾಡುತ್ತಿರಲಿಲ್ಲ ಮಗಳೇ, ನಿಜವಾಗಿ ಕೇಳುತ್ತಿದ್ದ. ಇವರು ಕಲಿಸಿದ್ದನ್ನೇ ಅವನು ಕಲಿತಿದ್ದು. ಕೊನೆಗೆ ಇವರು, "ಬರೆಯೋದಿಲ್ಲಪ್ಪ" ಎಂದು ಎದ್ದು ಒಳಗೆ ಬಂದು, ನನ್ನ ಹತ್ತಿರ ನಿಂತುಕೊಂಡರು. ಯಾಕೆ ಬಂದರೋ, ಏನು ಬೇಕಿತ್ತೋ. ನಾನು ಒಂದು ಲೋಟ ನೀರು ಕೊಟ್ಟೆ, ಕುಡಿದರು.

ನೀನು ಬರದೆ ಇದ್ದುದಕ್ಕೆ ನಾನು ಬೈಯುವುದಿಲ್ಲ. ಆದರೆ ಇವರು ನಿನ್ನ ಕೋಣೆಯ ಫ್ಯಾನು ಹಾಕಿ, ಸುಮ್ಮನೆ ಅದರ ಕೆಳಗೆ ಕೂತಿರುತ್ತಾರೆ. ಎರಡು ಸಾಲು ಬರಿ. ಬೈದಾದರೂ ಬರಿ.

ಅಮ್ಮ


ಜೂನ್ 26

ಬಟಾಣಿ,

ಪೇಪರಿನಲ್ಲಿ ಓದಿದೆ. ನೀನೂ ದೊಡ್ಡಕ್ಕನೂ ವರ್ಗದ ಆದೇಶ ಒಪ್ಪದೆ, ಬೀಗ ತೆಗೆದು, ಹೆರಿಗೆ ಕೋಣೆಯಲ್ಲಿ ಮತ್ತೆ ಕೆಲಸ ಶುರು ಮಾಡಿದ್ದೀರಂತೆ. ಹೆಂಗಸರು ಗೇಟಿಗೆ ಮರಳಿದ್ದಾರಂತೆ. ಗಾಜಿನ ಲಾರಿ ಬಂದರೆ ತಡೆಯುತ್ತಾರಂತೆ. ಹೆದರಿಕೆಯಾಯಿತು. ನಿನ್ನ ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಒಂದು ಫೋನು ಮಾಡಿದರೆ ನಿನ್ನೊಬ್ಬಳನ್ನು ಪಾರು ಮಾಡಬಲ್ಲೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಮಾಡಿಲ್ಲ. ನೀನು ಬಯ್ಯುತ್ತೀ ಎಂದೇ ಮಾಡಿಲ್ಲ.

ಉಪದೇಶ ಮಾಡಲು ಬರೆಯುತ್ತಿಲ್ಲ. ಒಂದೇ ಪ್ರಶ್ನೆ. ನಾನು ಬರಲೇ? ನಿನ್ನನ್ನಲ್ಲ, ಆ ಇಸ್ತ್ರಿ ಅಂಗಡಿಯವರನ್ನು ಕೇಳಿ ಹೇಳು. ನನ್ನ ಮಾತಿಗೆ ಎದ್ದವರು ಅವರು, ಬೇಡ ಎನ್ನುವ ಹಕ್ಕೂ ಅವರದೇ.

ಅಪ್ಪ


ಜುಲೈ 1

ಅಪ್ಪ,

ಕೇಳಿದೆ. ಎಲ್ಲರೂ ಒಪ್ಪಲಿಲ್ಲ. ಒಬ್ಬಳು, "ಮತ್ತೆ ಬಂದು ಎಬ್ಬಿಸ್ತಾರೆ" ಎಂದಳು. ಇನ್ನೊಬ್ಬಳು, "ದೊಡ್ಡವರು ಬಂದ್ರೆ ಪೇಪರಿನವರು ಅವರ ಫೋಟೋನೇ ಹಾಕ್ತಾರೆ, ನಾವು ಮೂಲೆಗೆ" ಎಂದಳು. ಕೊನೆಗೆ ತೀರ್ಮಾನ ಹೇಳಿದವಳು ಇಸ್ತ್ರಿಯವಳು.

ಬರಬಹುದಂತೆ. ಆದರೆ ಷರತ್ತು ಇದೆ. ಮಧ್ಯಾಹ್ನದ ಪಾಳಿ ನಿಮ್ಮದು, ಎಲ್ಲರ ಹಾಗೆ ನೆಲದ ಮೇಲೆ. ಪೇಪರಿನವರ ಹತ್ತಿರ ಮಾತಾಡಬಾರದು. ಪೊಲೀಸರು ಬಂದರೆ ನೀವು ಮುಂದಾಗಿ ಸಮಾಧಾನ ಮಾಡಲು ಹೋಗಬಾರದು. ಒಟ್ಟಿನಲ್ಲಿ ಬಾಯಿ ತೆರೆಯಬಾರದು. ಇದನ್ನು ಕೇಳಿ ದೊಡ್ಡಕ್ಕ, "ಅಯ್ಯೋ, ಅಷ್ಟು ಚೆನ್ನಾಗಿ ಮಾತಾಡೋರನ್ನ!" ಎಂದರು. "ಅದಕ್ಕೇ" ಎಂದಳು ಇಸ್ತ್ರಿಯವಳು.

ನಿಮ್ಮ ಬೆನ್ನಿಗೆ ಒಂದು ದಿಂಬು ತನ್ನಿ. ಅದಕ್ಕೆ ಯಾರ ಅಭ್ಯಂತರವೂ ಇಲ್ಲ.

ಬಟಾಣಿ


ಜುಲೈ 9

ಅಮ್ಮ,

ಅಪ್ಪ ಇವತ್ತು ಮನೆಗೆ ಬರುವುದಿಲ್ಲ. ಗಾಬರಿ ಬೀಳಬೇಡ, ಚೆನ್ನಾಗಿದ್ದಾರೆ. ಈ ಚೀಟಿ ತರುವವಳ ಕೈಯಲ್ಲಿ ಅವರ ಮಾತ್ರೆಗಳನ್ನೂ ಒಂದು ಸ್ವೆಟರನ್ನೂ ಕಳಿಸು. ಏನಾಯಿತು ಎಂದು ಬರೆಯುತ್ತೇನೆ, ಇಲ್ಲದಿದ್ದರೆ ನೀನು ನೂರು ಥರ ಊಹೆ ಮಾಡಿಕೊಳ್ಳುತ್ತೀ.

ಮಧ್ಯಾಹ್ನ ಗಾಜಿನ ಲಾರಿ ಬಂತು. ಹಿಂದೆಯೇ ಪೊಲೀಸ್ ಜೀಪು. ಇನ್ಸ್‌ಪೆಕ್ಟರ್ ಇಳಿದು ಬಂದವನು ಅಪ್ಪನನ್ನು ನೋಡಿ ಟೋಪಿ ಸರಿಮಾಡಿಕೊಂಡು ಸೆಲ್ಯೂಟ್ ಹೊಡೆದ. "ಸಾರ್, ನೀವು ಇಲ್ಲಿ, ನೆಲದ ಮೇಲೆ?" ಅಪ್ಪ ಬಾಯಿ ತೆರೆದವರು, ತಟಕ್ಕನೆ ಇಸ್ತ್ರಿಯವಳ ಮುಖ ನೋಡಿದರು. ಅವಳು, "ಇವರು ಮಾತಾಡಲ್ಲ ಸ್ವಾಮಿ, ನಾವು ಮಾತಾಡ್ತೀವಿ" ಎಂದಳು. ಇನ್ಸ್‌ಪೆಕ್ಟರ್ ಎಲ್ಲಿಂದಲೋ ಒಂದು ಕುರ್ಚಿ ತರಿಸಿದ. ಅಪ್ಪ ಅದನ್ನು ಏಳು ತಿಂಗಳ ಬಸುರಿಯೊಬ್ಬಳ ಕಡೆಗೆ ತಳ್ಳಿದರು. ಅವಳು ಹಾಯಾಗಿ ಕೂತಳು.

ಆಮೇಲೆ ಮಂತ್ರಿಗಳೇ ಬಂದರು. ಯಾರನ್ನೂ ಗದರಲಿಲ್ಲ, ಪೊಲೀಸರನ್ನು ದೂರ ನಿಲ್ಲಿಸಿದರು. ಅಪ್ಪನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ, "ಗುರುಗಳೇ, ಏಳಿ, ನಿಮ್ಮ ಬೆನ್ನು ನನಗೆ ಗೊತ್ತಿಲ್ವಾ? ಒಳಗೆ ಕೂತು ಮಾತಾಡೋಣ. ನೀವು ಹೇಳಿದ್ದನ್ನೆಲ್ಲ ಬರ್ಕೋತೀನಿ" ಎಂದರು. ಅಮ್ಮ, ಅಪ್ಪನಿಗೆ ಏಳಬೇಕು ಅನ್ನಿಸಿತು. ನಾನು ಹತ್ತಿರದಲ್ಲೇ ನಿಂತಿದ್ದೆ, ಅವರ ಕೈ ನೆಲಕ್ಕೆ ಊರಿದ್ದನ್ನು ಕಂಡೆ. ಜೀವಮಾನವೆಲ್ಲ ಇಂಥ ಮಾತಿಗೆ ಎದ್ದು ಒಳಗೆ ಹೋದವರಲ್ಲವೇ? ಗೇಟಿನಲ್ಲಿ ಕೂತವರೆಲ್ಲ ಅವರನ್ನೇ ನೋಡುತ್ತಿದ್ದರು.

ಅಪ್ಪ ನೆಲಕ್ಕೆ ಊರಿದ್ದ ಕೈಯನ್ನು ಎತ್ತಿ, ಮಂತ್ರಿಗಳ ಕೆನ್ನೆ ಸವರಿದರು. ಆಮೇಲೆ ತಮ್ಮ ಪಕ್ಕದ ಚಾಪೆಯನ್ನು ತಟ್ಟಿ ತೋರಿಸಿದರು. ಬಾ, ಕೂತ್ಕೋ ಎನ್ನುವ ಹಾಗೆ. ಮಂತ್ರಿಗಳು ಆ ಚಾಪೆಯನ್ನು ನೋಡಿದರು, ತಮ್ಮ ಕಾರನ್ನು ನೋಡಿದರು, ಸುತ್ತ ನಿಂತಿದ್ದ ಅಧಿಕಾರಿಗಳನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ಕೂರಲಿಲ್ಲ. ಎದ್ದು ಹೋದರು. ಲಾರಿಯೂ ಹಿಂದಕ್ಕೆ ಹೋಯಿತು, ಇವತ್ತಿನ ಮಟ್ಟಿಗೆ.

ಸಂಜೆ ಒಂದು ಹೆರಿಗೆ ಮುಗಿಸಿ ಹೊರಗೆ ಬಂದಾಗ ಅಪ್ಪ ಗೋಡೆಗೆ ಒರಗಿ, ಇಸ್ತ್ರಿಯವಳ ಶಾಲು ಹೊದ್ದು ಕೂತಿದ್ದರು. ಅವರ ಪಾಳಿ ಯಾವಾಗಲೋ ಮುಗಿದಿತ್ತು. ಕಾಲು ಊದಿಕೊಂಡಿತ್ತು. ಪಕ್ಕದಲ್ಲಿ ಕೂತು, ಅವರ ಕಾಲು ಒತ್ತುತ್ತಾ, "ಸಾಕಪ್ಪ, ಏಳಿ, ಮನೆಗೆ ಹೋಗಿ. ನಾಳೆ ಬರೋರಂತೆ. ನಾನು ಹೇಳ್ತಿದೀನಿ ಅಲ್ವಾ, ನಂದಾದ್ರೂ ಮಾತು ಕೇಳಿ" ಎಂದೆ.

ಇಡೀ ದಿನದಲ್ಲಿ ಅವರು ಬಾಯಿಬಿಟ್ಟಿದ್ದು ಆಗಲೇ. "ಎಲ್ಲರೂ ಒಳ್ಳೆ ಮಾತಲ್ಲೇ ಏಳಿ ಅಂತಾರಮ್ಮ" ಎಂದರು. ಅಷ್ಟರಲ್ಲಿ ಗಿರಣಿಯ ಕಡೆಯಿಂದ ಒಬ್ಬಳು, ಗಂಡನ ಹೆಗಲಿಗೆ ಜೋತುಬಿದ್ದು, ನರಳುತ್ತಾ ಬಂದಳು. ಅಪ್ಪ ಕಾಲು ಎಳೆದುಕೊಂಡು ದಾರಿ ಬಿಟ್ಟರು. "ನೀನು ಒಳಗೆ ಹೋಗು. ಗೇಟು ನಾನು ನೋಡ್ಕೋತೀನಿ."

ನಾನು ಒಳಗೆ ಹೋದೆ.

ಬಟಾಣಿ